ಎರಡನೇ ಸಲ ಕೇಳದ ಬೆಟ್ಟ

ಹದಿನೆಂಟು ವರ್ಷ ನಾನು ಹಿಮಾಲಯವನ್ನು ಬೆತ್ತದ ತುದಿಯಿಂದ ಮುಟ್ಟಿ ತೋರಿಸಿದ್ದೇನೆ. ಕಣ್ಣಿನಿಂದ ಮಾತ್ರ ಕಂಡಿರಲಿಲ್ಲ. ಬೈಲಹೊಂಗಲದ ನಮ್ಮ ಹೈಸ್ಕೂಲಿನಲ್ಲಿ ಇತಿಹಾಸ, ಭೂಗೋಳ ಎರಡೂ ನನ್ನ ಪಾಲಿಗೆ ಬಂದ ವಿಷಯಗಳು. ಸತ್ತುಹೋದ ರಾಜರನ್ನು ನೋಡಿಲ್ಲವೆಂದರೆ ಇತಿಹಾಸದ ಮಾಸ್ತರನನ್ನು ಯಾರೂ ಆಡಿಕೊಳ್ಳುವುದಿಲ್ಲ. ಭೂಗೋಳದಲ್ಲಿ ಆ ಸವಲತ್ತಿಲ್ಲ. ಹಿಮಾಲಯ ಇದ್ದಲ್ಲೇ ಇತ್ತು, ಹೋಗದೆ ಕುಳಿತವನು ನಾನು. ನಾನು ಕಂಡ ಅತಿ ಎತ್ತರದ ಪರ್ವತವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಅದನ್ನೂ ಪ್ರತಿ ಸಲ ಬಸ್ಸಿನಲ್ಲೇ ಹತ್ತಿದ್ದೇನೆ.

ನಕಾಶೆಯನ್ನು ಸುರುಳಿ ಸುತ್ತಿ, ಹೆಗಲ ಮೇಲಿಟ್ಟು, ಮಾಸ್ತರರ ಖೋಲಿಯಿಂದ ವರ್ಗಕ್ಕೆ ತರುವವನು ನಮ್ಮ ಶಾಲೆಯ ಸಿಪಾಯಿ ಈರಪ್ಪ. ನನಗಿಂತ ಹತ್ತು ವರ್ಷ ದೊಡ್ಡವನು, ಶಾಲೆಗೆ ನನಗಿಂತ ಮೊದಲೇ ಬಂದವನು. ಆ ಲೆಕ್ಕದಲ್ಲಿ ಹಿಮಾಲಯವನ್ನು ಹೊತ್ತ ಅನುಭವ ಅವನದೇ ಹೆಚ್ಚು. ನಾಡಿಗೆ ಕರ್ನಾಟಕವೆಂದು ಹೆಸರಿಟ್ಟು ಒಂದೆರಡು ವರ್ಷವಾಗಿದ್ದರೂ ಆ ಹಳೆಯ ನಕಾಶೆಯಲ್ಲಿ ನಾವಿನ್ನೂ ಮೈಸೂರು ರಾಜ್ಯದಲ್ಲೇ ಇದ್ದೆವು. ಒಂದು ದಿನ ಅದನ್ನು ಮೊಳೆಗೆ ತೂಗುಹಾಕುತ್ತ ಈರಪ್ಪ ಸುಮ್ಮನೆ ಕೇಳಿದ.

"ಸರ್ರ, ಇದನ್ನ ನೀವು ಕಣ್ಣಲೆ ಕಂಡೀರೇನ್ರಿ?"

"ಇಲ್ಲೋ ಈರಪ್ಪ."

"ನಾನೂ ಕಂಡಿಲ್ರಿ. ಹಂಗಾರ ಇಬ್ಬರದೂ ಸರೀಕ ಸರಿ ಆತ ಬಿಡ್ರಿ."

ಸಮಾಧಾನ ಹೇಳಲೆಂದೇ ಅಂದ ಮಾತು ಅದು. ಆದರೆ ಅದು ನನಗೆ ಚಪ್ಪಲಿಯೊಳಗೆ ಸೇರಿದ ಜಾಲಿಮುಳ್ಳಿನಂತೆ ದಿನವಿಡೀ ಚುಚ್ಚಿತು.

ಈರಪ್ಪನ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನಾವು ಒಂಬತ್ತನೇ ವರ್ಗದ ಮಕ್ಕಳನ್ನು ಸೊಗಲದ ಜಲಪಾತಕ್ಕೆ ನಡೆಸಿಕೊಂಡು ಹೋಗುತ್ತೇವೆ. ಹೊರಡುವ ಬೆಳಿಗ್ಗೆ ನಾನೋ ಹೆಡ್‌ಮಾಸ್ತರರೋ, "ಈರಪ್ಪ, ನೀನೂ ಬರತೀಯೇನು?" ಎಂದು ಕೇಳುವುದು ವಾಡಿಕೆ. ಬಾಗಿಲ ಹಿಂದೆ ಮೊಳೆಗೆ ಹಾಕಿದ ತನ್ನ ಚೀಲವನ್ನು ಸರಿಪಡಿಸುತ್ತ, "ನಾ ಯಾಕ್ರಿ ಸರ್ರ, ಸಾಲಿ ಕಾಯಾಕ ಯಾರರ ಬೇಕಲ್ರಿ" ಎನ್ನುವುದು ಅವನ ವಾಡಿಕೆ. ಶಾಲೆಯನ್ನು ಕದ್ದು ಒಯ್ಯುವಂಥ ಕಳ್ಳರು ನಮ್ಮ ತಾಲೂಕಿನಲ್ಲಿ ಇರಲಿಲ್ಲ. ಆದರೂ ಅವನು ಹಾಗೆನ್ನುತ್ತಿದ್ದ, ನಾವು ಹೋಗುತ್ತಿದ್ದೆವು.

ಹೀಗಿರುವಾಗ ಒಂದು ಚಾರಣ ಸಂಘದ ಕಾಗದ ನಮ್ಮ ಶಾಲೆಗೆ ಬಂತು. ಹಿಮಾಲಯದ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಏಳು ದಿನದ ನಡಿಗೆ, ದಾರಿ ತೋರಿಸುವವನು, ಡೇರೆ, ಊಟ ಎಲ್ಲ ಅವರದೇ, ಶಿಕ್ಷಕರಿಗೆ ಸ್ವಾಗತ. ಉದ್ಯಾನ ಎಂಬ ಮಾತೇ ನನಗೆ ಧೈರ್ಯ ಕೊಟ್ಟಿತು. ಉದ್ಯಾನವೆಂದರೆ ನನ್ನ ತಲೆಯಲ್ಲಿದ್ದದ್ದು ನಮ್ಮೂರ ಮುನಸಿಪಾಲಿಟಿಯ ತೋಟ: ಎರಡು ಸಿಮೆಂಟಿನ ಬೆಂಚು, ನಾಲ್ಕು ಕಣಗಿಲೆ ಗಿಡ, ನೀರಿಲ್ಲದ ಒಂದು ಕಾರಂಜಿ. ಅಂಥದ್ದರಲ್ಲಿ ಏಳು ದಿನ ನಡೆದರೆ ಕಾಲಿಗೇನಾದೀತು ಎಂದುಕೊಂಡೆ.

ಮನೆಯಲ್ಲಿ ಹೇಳಿದಾಗ ಗೋದಾವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಗೋದಾವರಿ ನನ್ನ ಹೆಂಡತಿ. ಭೂಗೋಳದ ಮಾಸ್ತರ ನದಿಯನ್ನೇ ಮದುವೆಯಾದ ಎಂದು ಗೆಳೆಯರು ಇಂದಿಗೂ ಚೇಷ್ಟೆ ಮಾಡುತ್ತಾರೆ. ಅವಳು ಸವದತ್ತಿಯ ಮಗಳು. ನಾನು ಬಸ್ಸಿನಲ್ಲಿ ಹತ್ತಿದ ಗುಡ್ಡವನ್ನು ಬರಿಗಾಲಲ್ಲಿ ಹತ್ತಿ ಇಳಿದು ಬೆಳೆದವಳು.

"ಅಲ್ಲೆ ಬರ್ಫ ಇರತದೇನ್ರಿ?"

"ಇರತದ. ಮೂರು ದಿನಾ ನಡದು ನಾಕನೇ ದಿನಾ ಒಂದು ಜೋತ್ ದಾಟತಾರಂತ. ಅಲ್ಲೆ ಕಾಲಾಗನ ಇರತದಂತ."

ಜೋತ್ ಎಂದರೆ ಎರಡು ಶಿಖರಗಳ ನಡುವಿನ ತಗ್ಗು. ಆ ಕಡೆಯ ಜನ ಬೆಟ್ಟ ದಾಟುವ ದಾರಿ. ಅದು ನನಗೂ ಆ ಕಾಗದ ಓದಿಯೇ ಗೊತ್ತಾಗಿತ್ತು.

"ಸಣ್ಣಾಕಿದ್ದಾಗ ಒಮ್ಮೆ ಆಲಿಕಲ್ಲು ಬಿದ್ದಿದ್ದವು," ಎಂದಳು ಗೋದಾವರಿ. "ಬೊಗಸ್ಯಾಗ ಹಿಡಕೊಂಡು ಅವ್ವಗ ತೋರಿಸಲಿಕ್ಕೆ ಓಡಿದೆ. ಅಡಗಿಮನಿ ಮುಟ್ಟೂದರಾಗ ಬರೇ ನೀರು. ನನಗ ಒಮ್ಮೆ ಕರಗದ ಬರ್ಫ ಮುಟ್ಟಬೇಕಾಗೇದ. ನಾನೂ ಬರತೇನಿ."

ಆ ಮಾತನ್ನು ಅವಳು ಒಂದೇ ಸಲ ಹೇಳಿದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಬಹಳ ಕಡಿಮೆ ಎಂಬುದು ನನಗೆ ಆಗಲೇ ಹೊಳೆದು, ಇಬ್ಬರ ಹೆಸರನ್ನೂ ಬರೆದು ಕಳಿಸಿದೆ. ಸಂಘದವರ ಉತ್ತರದಲ್ಲಿ ಒಂದು ನಿಯಮವಿತ್ತು. ಯಾರಾದರೂ ಹಿಂದೆ ಉಳಿದರೆ ಅವರನ್ನು ಒಬ್ಬರನ್ನೇ ಬಿಡುವುದಿಲ್ಲ. ಜೊತೆಗೆ ಬಂದ ಮನೆಯವರೂ ಉಳಿಯಬೇಕು. ಗೋದಾವರಿ ಅದನ್ನು ಎರಡು ಸಲ ಓದಿ, ನನ್ನ ಹೊಟ್ಟೆಯ ಕಡೆಗೊಮ್ಮೆ ನೋಡಿ, ಕಾಗದ ಮಡಚಿಟ್ಟಳು. ಹೀಗೆ ಅವಳ ಬರ್ಫ ನನ್ನ ಕಾಲಿಗೆ ಗಂಟುಬಿತ್ತು.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನ ಕಥೆ ನಿಮಗೆ ತಿಳಿಯುವುದಿಲ್ಲ. ನಮ್ಮಲ್ಲಿ ಬುತ್ತಿ ಬಿಚ್ಚಿದವನು ಹಾದಿಯಲ್ಲಿ ಹೋಗುವವರನ್ನೆಲ್ಲ "ಬರ್ರಿ, ಊಟ ಮಾಡೋಣ" ಎಂದು ಕರೆಯಲೇಬೇಕು. ಹಾದಿಯಲ್ಲಿ ಹೋಗುವವನು "ಆಗೇದರಿ, ನಿಮ್ಮದಾಗಲಿ" ಎನ್ನಲೇಬೇಕು. ಇಬ್ಬರದೂ ಹೊಟ್ಟೆಯ ಮಾತಲ್ಲ, ಬಾಯಿಯ ಮಾತು. ಮನೆಗೆ ಬಂದವರ ವಿಷಯದಲ್ಲಿ ಮಾತ್ರ ಕೇಳುವುದು ಮೂರು ಸಲ. ಮೊದಲ ಸಲ ಕೇಳಿದಾಗ ಬೇಡ ಎನ್ನುವುದು ಮರ್ಯಾದೆ. ಎರಡನೇ ಸಲ ಬೇಡ ಎನ್ನುವುದು ಸಂಕೋಚ. ಮೂರನೇ ಸಲಕ್ಕೆ ಕೈಕಾಲು ತೊಳೆಯಲು ಏಳಬಹುದು. ಇದಕ್ಕೆ ನಾವು ಆಗ್ರಹ ಎನ್ನುತ್ತೇವೆ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತೇವಲ್ಲ, ಅನುಭವಸ್ಥನಾದವನು ನಮ್ಮ ಮುಖ ನೋಡುವುದಿಲ್ಲ, ಬೆರಳ ಸಂದು ನೋಡುತ್ತಾನೆ. ಸಂದು ಅಗಲವಿದ್ದರೆ ಹೋಳಿಗೆ ಬೀಳುತ್ತದೆ.

ನಮ್ಮದು ಪಂಚಾಂಗ ಹಿಡಿದ ಮನೆತನ, ಉಪಚಾರ ನಮಗೆ ರಕ್ತದಲ್ಲೇ ಬಂದದ್ದು. ದೇವರಿಗೆ ಹದಿನಾರು ಉಪಚಾರ ಮಾಡುತ್ತೇವೆ. ಅವನು ಒಂದಕ್ಕೂ ಬೇಡ ಎನ್ನುವುದಿಲ್ಲ, ಅದಕ್ಕೇ ಅವನಿಗೆ ಎಂದೂ ಉಪವಾಸವಿಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ. ರಾಮದುರ್ಗದ ನನ್ನ ಸೋದರಮಾವ ಮಾತ್ರ ಮೂರು ಸಲ ಕೇಳದೆ ನೀರನ್ನೂ ಕುಡಿಯದವರು. ಒಮ್ಮೆ ನಮ್ಮೂರಿಗೆ ಬಂದಾಗ, ದೂರದ ಊರಿನಿಂದ ವರ್ಗವಾಗಿ ಬಂದಿದ್ದ ಪರಿಚಯದ ಅಧಿಕಾರಿಯೊಬ್ಬರ ಮನೆಗೆ ಸರಿಯಾಗಿ ಊಟದ ಹೊತ್ತಿಗೆ ಹೋದರು. "ಊಟ ಮಾಡುತ್ತೀರಾ?" ಎಂದರು ಅವರು. "ಆಗೇದರಿ" ಎಂದರು ಮಾವ. ಆ ಅಧಿಕಾರಿ ಸರಳ ಮನುಷ್ಯ, ನಂಬಿಬಿಟ್ಟರು. ಮಾವ ಪಡಸಾಲೆಯಲ್ಲಿ ಕುಳಿತು ಒಳಗಿನ ಒಗ್ಗರಣೆಯ ವಾಸನೆ ಉಂಡು, ನಮ್ಮ ಮನೆಗೆ ಬಂದು ಆರು ರೊಟ್ಟಿ ತಿಂದರು. "ಮಂದಿ ಛಲೋ ಅದಾರ, ಆದರ ಕೇಳೂ ಪದ್ಧತಿ ಗೊತ್ತಿಲ್ಲ" ಎಂದರು. ಈ ಸೀಮೆಯಲ್ಲಿ ಇಲ್ಲ ಎಂದರೆ ಇಲ್ಲವೇ ಎಂದು ನಿಂತವರು ಕಿತ್ತೂರಿನವರೊಬ್ಬರೇ. ಅದಕ್ಕೆ ಅವರಿಗೆ ಇತಿಹಾಸದಲ್ಲಿ ಒಂದು ಪಾಠವಿದೆ, ಉಳಿದ ನಮಗೆಲ್ಲ ಎರಡನೇ ಹೋಳಿಗೆ ಇದೆ.

ಬೇಸಿಗೆಯ ರಜೆ ಬಂತು. ದೊಡವಾಡದ ಮೇಲೆ ಹೋಗುವ ಬಸ್ಸಿನಲ್ಲಿ ಧಾರವಾಡ ಮುಟ್ಟಿ, ಅಲ್ಲಿಂದ ರೈಲು ಹತ್ತಿ, ಎಷ್ಟೋ ಕಡೆ ಗಾಡಿ ಬದಲಿಸಿ, ನಾಲ್ಕು ದಿನಕ್ಕೆ ಬೆಟ್ಟದ ಬುಡ ತಲುಪಿದೆವು. ನಮ್ಮ ಜೊತೆ ಒಂದು ತಗಡಿನ ಡಬ್ಬಿಯಿತ್ತು. ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಊಟ ಸಂಘದವರದೇ ಎಂದು ಕಾಗದದಲ್ಲಿ ಬರೆದಿತ್ತು, ಆದರೆ ಬೇರೆಯವರ ಊಟದ ಮೇಲೆ ನಂಬಿಕೆಯಿಟ್ಟು ಊರು ಬಿಡುವ ಜಾತಿ ನಮ್ಮದಲ್ಲ. ಗೋದಾವರಿ ಏಳು ದಿನಕ್ಕೆ ಎಣಿಸಿಯೇ ರೊಟ್ಟಿ ತುಂಬಿದ್ದಳು.

ನಮ್ಮ ಗೈಡು ತುಳಸೀರಾಮ ಅಲ್ಲಿಯವನೇ. ಐವತ್ತರ ಆಸುಪಾಸು, ಒಣಗಿದ ಮುಖ, ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ವಹಿ, ಕಿವಿಯ ಮೇಲೆ ಗೇಣುದ್ದವೂ ಇಲ್ಲದ ಪೆನ್ಸಿಲು. ಪುಣೆಯವರು, ಬಂಗಾಲದವರು, ನಾವಿಬ್ಬರು ಎಲ್ಲ ಸೇರಿ ಹನ್ನೆರಡು ಮಂದಿಯ ಹೆಸರು ಬರೆದುಕೊಂಡ. ಗಂಡಹೆಂಡತಿಯೆಂದು ನಮ್ಮಿಬ್ಬರ ಹೆಸರನ್ನು ಒಂದೇ ಸಾಲಿನಲ್ಲಿ ಬರೆದ. ಅವನ ಹಿಂದಿ ಬೆಟ್ಟದ್ದು, ನನ್ನ ಹಿಂದಿ ಪರೀಕ್ಷೆಯದು. ಆದರೂ ಹೇಗೋ ಒಂದಕ್ಕೊಂದು ತಿಳಿಯುತ್ತಿತ್ತು. ಬೆಳಿಗ್ಗೆ ಗೋದಾವರಿ ತನ್ನ ಅವ್ವನ ಹಳೆಯ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಕಾಲಿಗೆ ಕ್ಯಾನ್ವಾಸ್ ಬೂಟು ಕಟ್ಟಿ ನಿಂತಾಗ ತುಳಸೀರಾಮ ಅವಳನ್ನು ನೋಡಿ ತಲೆಯಾಡಿಸಿದ. ನನ್ನ ಹೊಸ ಕೋಟು, ಕಿವಿ ಮುಚ್ಚುವ ಮಂಗನ ಕುಲಾಯಿ, ಕೊರಳಿಗೆ ಹಾಕಿದ ನೀರಿನ ಬಾಟಲಿ ನೋಡಿ ಏನೂ ಅನ್ನಲಿಲ್ಲ.

ಆ ಉದ್ಯಾನದಲ್ಲಿ ಬೆಂಚು ಇರಲಿಲ್ಲ. ಕಣಗಿಲೆಯೂ ಇರಲಿಲ್ಲ. ಆಕಾಶಕ್ಕೆ ತಾಗುವ ದೇವದಾರು ಮರಗಳು, ಕೆಳಗೆ ಹಾಲಿನಂಥ ಬಿಳಿ ನೀರಿನ ಹೊಳೆ, ಮತ್ತೆ ಬರೀ ಏರು. ನಮ್ಮದು ಎರೆ ಭೂಮಿಯ ಕಾಲು. ಮಳೆಗಾಲದಲ್ಲಿ ಅಂಟು ಮಣ್ಣಿನಿಂದ ಹೆಜ್ಜೆ ಕಿತ್ತು ಕಿತ್ತು ನಡೆಯುವ ಅಭ್ಯಾಸ ಅದಕ್ಕೆ. ಒಣ ಕಲ್ಲಿನ ಮೇಲೂ ಅದು ಇಲ್ಲದ ಕೆಸರನ್ನು ಕೊಡವಿಕೊಂಡೇ ಮುಂದೆ ಹೋಗುತ್ತಿತ್ತು. ಮೊದಲ ದಿನವೇ ನಾನು ಸಾಲಿನ ಕೊನೆಗೆ ಬಿದ್ದೆ. ಗೋದಾವರಿ ನಾಲ್ಕು ಮಾರು ಮುಂದೆ ನಡೆದು, ನಿಂತು, ಹೂವು ನೋಡುವ ನೆಪ ಮಾಡಿ, ನಾನು ಬಂದಮೇಲೆ ಮತ್ತೆ ನಡೆಯುತ್ತಿದ್ದಳು. ಆ ದಿನ ಅವಳು ನೋಡಿದಷ್ಟು ಹೂವನ್ನು ಜನ್ಮದಲ್ಲಿ ನೋಡಿರಲಿಕ್ಕಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದೆವು. ಅದೇ ಹೊತ್ತಿಗೆ ಐದಾರು ಜನ ಕುರಿಗಾಹಿಗಳು ಮಂದೆಯ ಜೊತೆ ಬಂದರು. ರೊಟ್ಟಿ ಕೈಯಲ್ಲಿ ಹಿಡಿದವನು ಸುಮ್ಮನಿರುವುದು ಹೇಗೆ? ಅಭ್ಯಾಸಬಲದಿಂದ "ಬನ್ನಿ, ಊಟ ಮಾಡೋಣ" ಎಂದು ನನ್ನ ಪರೀಕ್ಷೆಯ ಹಿಂದಿಯಲ್ಲಿ ಕರೆದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ನಕ್ಕರು. ಬಂದು ಕುಳಿತರು. ನಮ್ಮ ಜೋಳದ ರೊಟ್ಟಿಯನ್ನು ಹಪ್ಪಳದಂತೆ ಕಟಕಟ ಮುರಿದು, ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಕೈಚಾಚಿದರು. ಮರುದಿನ ಇನ್ನೊಂದು ಮಂದೆ ಬಂತು, ನಾನು ಮತ್ತೆ ಕರೆದೆ. ಎರಡನೇ ದಿನ ಮಧ್ಯಾಹ್ನಕ್ಕೆ ಡಬ್ಬಿಯ ತಳ ಕಂಡಿತು.

"ಇನ್ನ ಯಾರನ್ನ ಕರೀತೀರಿ ಕರೀರಿ," ಎಂದಳು ಗೋದಾವರಿ ಡಬ್ಬಿ ಬೋರಲು ಹಾಕುತ್ತ. "ಕುರಿ ಉಳದಾವ ನೋಡ್ರಿ."

ಮೂರನೇ ದಿನ ಇದರ ಇನ್ನೊಂದು ಮಗ್ಗಲು ನೋಡಿದೆ. ಏರು ಹತ್ತಿ ಹತ್ತಿ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಸಂಘದ ಬುತ್ತಿ ಹೊತ್ತ ಹೇಸರಗತ್ತೆ ಎಲ್ಲೋ ಮುಂದೆ ಹೋಗಿತ್ತು. ಬಂಡೆಯ ಮೇಲೆ ಕುಳಿತ ಮುದುಕ ಕುರಿಗಾಹಿಯೊಬ್ಬ ಮೆಕ್ಕೆಜೋಳದ ದಪ್ಪ ರೊಟ್ಟಿ, ಬೆಣ್ಣೆ ತಿನ್ನುತ್ತಿದ್ದವನು ನನ್ನನ್ನು ನೋಡಿ, "ಬಾ, ತಿನ್ನು" ಎಂದ. ಬಾಯಲ್ಲಿ ನೀರೂರಿತು. ಆದರೆ ಬಾಯಿ ಏನೆನ್ನಬೇಕು ಎಂಬುದನ್ನು ನಮ್ಮ ಹಿರಿಯರು ಎಂದೋ ನಿಶ್ಚಯಿಸಿಬಿಟ್ಟಿದ್ದಾರೆ. "ನನ್ನದಾಯಿತು, ನೀವು ಮಾಡಿ" ಎಂದೆ. ಮುದುಕ ಸರಿ ಎಂದು ತಲೆಯಾಡಿಸಿ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡ. ಎರಡನೇ ಸಲ ಕೇಳಲೇ ಇಲ್ಲ. ನಾನು ರಾಮದುರ್ಗದ ಮಾವನನ್ನು ನೆನೆಸುತ್ತ ಮುಂದೆ ನಡೆದೆ.

ಹೀಗೆ ಎರಡು ಪೆಟ್ಟು ತಿಂದಮೇಲೂ ನನಗೆ ಬುದ್ಧಿ ಬರಲಿಲ್ಲ. ಮಾಸ್ತರಕಿಯ ದೋಷವೇ ಇದು. ಪಾಠ ಹೇಳಿ ಹೇಳಿ ಕಲಿಯುವ ರೂಢಿಯೇ ತಪ್ಪಿಹೋಗುತ್ತದೆ.

ಅವತ್ತು ಸಂಜೆ ಡೇರೆಯ ಮುಂದೆ ಬೆಂಕಿ ಹಾಕಿ ಎಲ್ಲರೂ ಕುಳಿತಿದ್ದೆವು. ಮರುದಿನ ಬೆಳಿಗ್ಗೆ ಜೋತ್. ತುಳಸೀರಾಮ ವಹಿ ತೆಗೆದು ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಪುಣೆಯವರು ಬರುತ್ತೇವೆ ಎಂದರು, ಬಂಗಾಲದವರು ಬರುತ್ತೇವೆ ಎಂದರು. ನನ್ನ ಮುಂದೆ ನಿಂತು, "ಮಾಸ್ಟರ್‌ಜೀ, ನಾಳೆ ಬರುತ್ತೀರಾ?" ಎಂದ.

ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಬರಬೇಕು. ಹದಿನೆಂಟು ವರ್ಷದ ಸಾಲ ಬೆತ್ತದ ತುದಿಯಲ್ಲಿತ್ತು. ಆದರೆ ಹನ್ನೊಂದು ಜನರ ಮುಂದೆ, ಮೂರು ದಿನವೂ ಎಲ್ಲರಿಗಿಂತ ಹಿಂದೆ ಬಿದ್ದವನು, ಕೇಳಿದ ತಕ್ಷಣ ಹೂಂ ಎನ್ನುವುದೇ? ಕೈ ತಾನಾಗಿ ಎಲೆಗೆ ಅಡ್ಡ ಹಿಡಿದಂತೆ ಮೇಲೆದ್ದಿತು. "ನಾನೇಕೆ ಬಿಡಿ. ನಿಮಗೆಲ್ಲ ತೊಂದರೆ. ನೀವು ಹೋಗಿ ಬನ್ನಿ" ಎಂದೆ. ಬೆರಳ ಸಂದು ಬೇಕಾದಷ್ಟು ಅಗಲವಾಗಿತ್ತು. ಆದರೆ ತುಳಸೀರಾಮ ನಮ್ಮ ಮದುವೆಗಳಲ್ಲಿ ಬಡಿಸಿದವನಲ್ಲ. "ಆಯಿತು" ಎಂದು ಕಿವಿಯಿಂದ ಪೆನ್ಸಿಲು ತೆಗೆದ. ಒಂದು ಗೀಟು ಎಳೆದ. ಮುಂದಿನವರನ್ನು ಕೇಳಲು ಹೋದ.

ಒಂದೇ ಸಾಲಿನಲ್ಲಿ ಇಬ್ಬರ ಹೆಸರಿತ್ತು ಎಂಬುದು ನನಗೆ ಹೊಳೆದದ್ದು ಗೋದಾವರಿಯ ಮುಖ ನೋಡಿದಮೇಲೆ. ಅವಳು ಎದ್ದು ಡೇರೆಯ ಹಿಂದಿನ ಕಲ್ಲಿನ ಮೇಲೆ ಹೋಗಿ ಕುಳಿತಳು. ನಾನು ಹಿಂದೆಯೇ ಹೋದೆ.

"ನಿಮಗ ಹೋಗಬೇಕನಿಸಿತ್ತೋ ಇಲ್ಲೋ, ಅಷ್ಟ ಹೇಳ್ರಿ."

"ಅನಿಸಿತ್ತು."

"ಮತ್ತ ಬ್ಯಾಡಂತ ಯಾಕ ಅಂದ್ರಿ?"

"ಅವಾ ಇನ್ನೊಮ್ಮೆ ಕೇಳತಾನಂತ ತಿಳಕೊಂಡಿದ್ದೆ."

"ಅವಾ ಏನು ನಿಮ್ಮ ಬೀಗರೇನ್ರಿ, ಆಗ್ರಹ ಮಾಡಲಿಕ್ಕೆ?"

ಬೇರೆ ಹೊತ್ತಿನಲ್ಲಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಅವಳ ಕಣ್ಣಲ್ಲಿ ನೀರಿತ್ತು. "ಇಪ್ಪತ್ತು ವರ್ಷದಾಗ ಒಮ್ಮೆ ಬಾಯಿಬಿಟ್ಟು ಕೇಳೇನಿ," ಎಂದಳು. "ನಿಮ್ಮ ಮರ್ಯಾದಿ ನನ್ನ ಹೆಸರಿನ ಮ್ಯಾಲೂ ಗೀಟ ಎಳೀತು. ನಿಮ್ಮ ಕಾಲು ನಿಂತಿದ್ದರ ನಾ ಏನೂ ಅಂತಿದ್ದಿಲ್ಲ. ನಿಂತದ್ದು ನಿಮ್ಮ ನಾಲಿಗಿ."

ನನಗೆ ನಾಚಿಕೆಯಾಯಿತು. ಮುಂಡಾಸು ಬಿದ್ದವನಿಗೆ ಆಗುವ ನಾಚಿಕೆಯಲ್ಲ ಅದು. ಇನ್ನೊಬ್ಬರ ಎಲೆಯ ಮೇಲೆ ಕೈ ಅಡ್ಡ ಹಿಡಿದು ಅವರಿಗೆ ಬಡಿಸದಂತೆ ಮಾಡಿದವನ ನಾಚಿಕೆ. ಎದ್ದು ಹೋಗಿ ಆಗಲೇ ಹೇಳಬಹುದಿತ್ತು. ಆದರೆ ಒಮ್ಮೆ ಬೇಡವೆಂದವನು ತಾನಾಗಿ ಹೋಗಿ ಬೇಕೆನ್ನುವುದನ್ನು ನಲವತ್ತನಾಲ್ಕು ವರ್ಷದಲ್ಲಿ ನಾನು ಮಾಡಿರಲಿಲ್ಲ. ಆ ವಾಕ್ಯವನ್ನು ಹೊಂದಿಸಿಕೊಳ್ಳಲು ನನಗೆ ಬೆಳಗಿನವರೆಗೆ ಬೇಕಾಯಿತು.

ಬೆಳಕು ಹರಿಯುವಾಗ ತುಳಸೀರಾಮ ಚಹಕ್ಕೆ ನೀರಿಟ್ಟಿದ್ದ. ಅವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ನನಗೆ ಜೋತ್‌ಗೆ ಬರಬೇಕಾಗಿದೆ" ಎಂದೆ. ಅಷ್ಟೇ. ಹಿಂದಿಲ್ಲ, ಮುಂದಿಲ್ಲ.

"ನಿನ್ನೆ ಇಲ್ಲ ಎಂದಿರಲ್ಲ?"

ನಮ್ಮ ದೇಶದಲ್ಲಿ ಮೊದಲು ಇಲ್ಲ ಎನ್ನುವುದು ಪದ್ಧತಿ, ಮೂರು ಸಲ ಕೇಳಬೇಕು ಎಂದು ವಿವರಿಸಿದೆ. ಅವನು ಕೆಟಲಿನ ಮುಚ್ಚಳ ತೆಗೆದು ನೋಡಿದ. "ಇಲ್ಲಿ ಹಾಗೆ ನಡೆಯುವುದಿಲ್ಲ ಮಾಸ್ಟರ್‌ಜೀ," ಎಂದ. "ಆಗದವನು ಆಗುತ್ತದೆ ಎಂದರೆ ನಾನು ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಬೇಕು. ಆಗುವುದಿಲ್ಲ ಎಂದವನನ್ನು ಒತ್ತಾಯ ಮಾಡಿ ಕರೆದೊಯ್ದರೂ ನಾನೇ ಹೊರಬೇಕು. ಅದಕ್ಕೇ ನಾವು ಒಂದೇ ಸಲ ಕೇಳುತ್ತೇವೆ, ಹೇಳಿದ್ದನ್ನು ನಂಬುತ್ತೇವೆ." ಆಮೇಲೆ ನನ್ನ ಕಾಲಿನ ಕಡೆ ನೋಡಿ ಕೇಳಿದ. "ಮೊಣಕಾಲು?"

"ನೋಯುತ್ತದೆ."

"ಉಸಿರು?"

"ಹತ್ತುವಾಗ ಸಾಲುವುದಿಲ್ಲ. ನಿಂತರೆ ಬರುತ್ತದೆ."

"ಈಗ ನಿಜ ಹೇಳುತ್ತಿದ್ದೀರಿ. ಹಾಗಾದರೆ ಬರಬಹುದು. ಆದರೆ ನೀವು ಎಲ್ಲರಿಗಿಂತ ಮುಂದೆ ನಡೆಯಬೇಕು."

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. ಅಲ್ಲ. ಜೋತ್ ಹತ್ತುವ ದಿನ ಎಲ್ಲರಿಗಿಂತ ನಿಧಾನದವನನ್ನು ಮುಂದಿಡುವುದು ಅಲ್ಲಿಯ ಕ್ರಮವಂತೆ. ಅವನ ಹೆಜ್ಜೆಯೇ ಎಲ್ಲರ ಹೆಜ್ಜೆ. ಅವನು ನಿಂತರೆ ಎಲ್ಲರೂ ನಿಲ್ಲಬೇಕು. ಹಾಗಾದರೆ ಯಾರೂ ಹಿಂದೆ ಉಳಿಯುವುದಿಲ್ಲ. ಇದನ್ನು ಕೇಳಿದಾಗ ನನಗೆ ನಮ್ಮೂರ ಹತ್ತಿಯ ಬಂಡಿಗಳು ನೆನಪಾದವು. ಚಿಕ್ಕಂದಿನಲ್ಲಿ ಪೇಟೆಗೆ ಹತ್ತಿ ತರುವ ಬಂಡಿಗಳ ಸಾಲಿನಲ್ಲಿ ಯಾವಾಗಲೂ ಮುದಿ ಎತ್ತಿನ ಬಂಡಿ ಮುಂದಿರುತ್ತಿತ್ತು. ಆಗ ಅದು ವಯಸ್ಸಿಗೆ ಕೊಟ್ಟ ಗೌರವವೆಂದು ತಿಳಿದಿದ್ದೆ. ಮುದಿ ಎತ್ತಿನ ಜಾಗದಲ್ಲಿ ನಿಂತಮೇಲೆ ವಿಷಯ ತಿಳಿಯಿತು.

ಹೀಗೆ ಬೈಲಹೊಂಗಲದ ಒಬ್ಬ ಮಾಸ್ತರ ಹನ್ನೆರಡು ಜನರ ದಂಡಿಗೆ ಮುಂದಾಳಾದ. ನನ್ನ ಹಿಂದೆ ಗೋದಾವರಿ, ಅವಳ ಹಿಂದೆ ಉಳಿದವರು, ಕೊನೆಗೆ ತುಳಸೀರಾಮ. ಇಪ್ಪತ್ತು ಹೆಜ್ಜೆ ನಡೆಯುತ್ತಿದ್ದೆ, ನಿಲ್ಲುತ್ತಿದ್ದೆ. ಇಡೀ ಸಾಲು ನಿಲ್ಲುತ್ತಿತ್ತು. ಪುಣೆಯ ತರುಣರು ಶಪಿಸುತ್ತಿರಬಹುದು ಎಂದು ಹಿಂದಿರುಗಿ ನೋಡಿದರೆ ಅವರೂ ಬಾಯಿತೆರೆದು ಉಸಿರೆಳೆಯುತ್ತಿದ್ದರು. ನಿಲ್ಲಲು ಒಂದು ನೆಪ ಸಿಕ್ಕಿತೆಂದು ಅವರ ಮುಖದಲ್ಲಿ ಉಪಕಾರ ಸ್ಮರಣೆಯೇ ಇತ್ತು. ಬಿಸಿಲೇರುವ ಹೊತ್ತಿಗೆ ಕಲ್ಲುಗಳ ನಡುವೆ ಕೊಳೆಯಾದ ಬಿಳಿ ಚೂರುಗಳು ಕಂಡವು, ಆಮೇಲೆ ಬಿಳಿ ಪಟ್ಟಿಗಳು, ಆಮೇಲೆ ಎಲ್ಲವೂ ಬಿಳಿ. ಮತ್ತೊಂದು ಇಪ್ಪತ್ತು ಹೆಜ್ಜೆ ಎಂದು ಕಾಲೆತ್ತಿದರೆ ಮುಂದೆ ಏರು ಇರಲಿಲ್ಲ.

ಆಚೆ ಹಿಮಾಲಯವಿತ್ತು. ಒಂದರ ಹಿಂದೆ ಒಂದು, ಸಾಲುಸಾಲಾಗಿ, ನಮ್ಮ ನಕಾಶೆಯ ಕಂದು ಬಣ್ಣಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನನ್ನ ಕೈಯಲ್ಲಿದ್ದ ಕೋಲು ತಾ‌ನಾಗಿ ಮೇಲೆದ್ದಿತು. "ಇದು ನೋಡು, ಇವು ಮೂರು ಶ್ರೇಣಿ" ಎಂದು ಪಾಠ ಶುರುಮಾಡಿದೆ.

"ಸಾಕ್ರಿ," ಎಂದಳು ಗೋದಾವರಿ. "ಸುಮ್ಮನ ನೋಡ್ರಿ."

ಅವಳು ಮೊಣಕಾಲೂರಿ ಕುಳಿತು ಬೊಗಸೆಯಲ್ಲಿ ಬರ್ಫ ತುಂಬಿಕೊಂಡಳು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಬೆರಳು ಕೆಂಪಾದವು, ತುದಿಯಿಂದ ಒಂದೊಂದೇ ಹನಿ ಬಿದ್ದಿತು. "ಇದೂ ಕರಗತದ ನೋಡ್ರಿ," ಎಂದು ನಕ್ಕಳು. "ಆದರ ಇಲ್ಲೆ ಮತ್ತ ತುಂಬಕೋಬಹುದು." ಮತ್ತೆ ತುಂಬಿಕೊಂಡಳು. ಅವಳ ಮುಖ ನೋಡಿ ನನಗೆ ಆದ ಸಂತೋಷವನ್ನು ಸುತ್ತಿ ಬಳಸಿ ಹೇಳುವುದಿಲ್ಲ, ಬಹಳ ಸಂತೋಷವಾಯಿತು. ತುಳಸೀರಾಮ ಚಹದ ಬಟ್ಟಲು ಮುಂದೆ ಹಿಡಿದು "ಚಹ?" ಎಂದ. "ಕೊಡಿ" ಎಂದೆ. ಅವನ ಕೈ ಹಿಂದೆ ಹೋಗುವುದರೊಳಗೆ ಬಟ್ಟಲು ನನ್ನ ಕೈಯಲ್ಲಿತ್ತು.

ಊರಿಗೆ ಬಂದಮೇಲೆ ಈ ಹೊಸ ವಿದ್ಯೆ ನನ್ನನ್ನು ಸ್ವಲ್ಪ ಪೇಚಿಗೂ ಸಿಕ್ಕಿಸಿತು. ಹಾದಿಯ ಮೇಲಿನ ಮನೆಯವರು ರೂಢಿಯಂತೆ "ಬರ್ರಿ ಮಾಸ್ತರ, ಊಟ ಮಾಡೋಣ" ಎಂದದ್ದಕ್ಕೆ "ನಡೀರಿ" ಎಂದು ಮೆಟ್ಟಿಲು ಹತ್ತಿದೆ. ಒಳಗೆ ಪಾತ್ರೆಗಳು ಗಾಬರಿಯಿಂದ ಸದ್ದು ಮಾಡಿದವು. ಬೆಟ್ಟದ ಪದ್ಧತಿ ಬೆಟ್ಟಕ್ಕೇ ಸರಿ, ಬಯಲಲ್ಲಿ ಮೂರು ಸಲವೇ ನಡೆಯಲಿ ಎಂದು ಮತ್ತೆ ಹಳೆಯ ದಾರಿಗೇ ಬಂದೆ. ಒಂದೇ ಪ್ರಶ್ನೆ ಮನಸ್ಸಿನಲ್ಲಿ ಉಳಿದುಕೊಂಡಿತು. ನಾವು ಮೂರು ಸಲ ಕೇಳುವವರು ಸರಿ. ಎಲ್ಲರನ್ನೂ ಹಾಗೆ ಕೇಳುತ್ತೇವೆಯೇ?

ಮಳೆಗಾಲ ಮುಗಿದು ಸೊಗಲಕ್ಕೆ ಹೊರಡುವ ಬೆಳಿಗ್ಗೆ ಬಂತು. ಮಕ್ಕಳು ಅಂಗಳದಲ್ಲಿ ಸಾಲು ನಿಂತಿದ್ದರು. ಈರಪ್ಪ ಮಾಸ್ತರರ ಖೋಲಿಯಲ್ಲಿ ನಕಾಶೆ ಸುತ್ತುತ್ತಿದ್ದ. ಜೋತ್‌ನ ವರ್ಣನೆಯನ್ನು ಅವನು ನನ್ನಿಂದ ಆಗಲೇ ನಾಲ್ಕು ಸಲ ಕೇಳಿ ಮುಗಿಸಿದ್ದ.

"ಈರಪ್ಪ, ನೀನೂ ಬರತೀಯೇನು?"

"ನಾ ಯಾಕ್ರಿ ಸರ್ರ, ಸಾಲಿ ಕಾಯಾಕ ಯಾರರ ಬೇಕಲ್ರಿ."

ಇಷ್ಟು ವರ್ಷ ನಾನು ತಿರುಗಿ ಹೋಗುತ್ತಿದ್ದದ್ದು ಇಲ್ಲಿಂದಲೇ. ಎರಡನೇ ಸಲ ಕೇಳುವುದು ನಮ್ಮ ಮನೆ, ನಮ್ಮ ಪಂಕ್ತಿ, ನಮ್ಮ ಬೀಗರ ಒಳಗಿನ ಮಾತಾಗಿತ್ತು. ಊರ ಹೊರಗಿನ ಓಣಿಯಿಂದ ಬರುವ ಈರಪ್ಪನ ಪಾಲಿಗೆ ನಾವೆಲ್ಲ ತುಳಸೀರಾಮನಂತೆ ಒಂದೇ ಸಲ ಕೇಳಿ ಗೀಟು ಎಳೆದವರು. ತುಳಸೀರಾಮನಿಗೆ ಪದ್ಧತಿ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು.

"ಸಾಲಿ ಎಲ್ಲೂ ಓಡಿ ಹೋಗೂದಿಲ್ಲ. ಬಾ ಈರಪ್ಪ."

"ಇರಲಿ ಬಿಡ್ರಿ."

"ಇಲ್ಲ ಈರಪ್ಪ, ನೀವು ಬರ್ರಿ. ನೀವು ಬರದಿದ್ದರ ಈ ಸಲ ನಾನೂ ಹೋಗೂದಿಲ್ಲ."

ಈರಪ್ಪ ನಕಾಶೆಯನ್ನು ಮೂಲೆಗೆ ನಿಲ್ಲಿಸಿದ. ಆಮೇಲೆ ಬಾಗಿಲ ಹಿಂದಿನ ಮೊಳೆಯಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡ. "ಬರತೇನ್ರಿ. ಬುತ್ತಿ ಕಟ್ಟಿಸಿಕೊಂಡ ಬಂದೇನ್ರಿ."

"ಈ ಸಲ ಕೇಳತೇನಂತ ನಿಮಗ ಹ್ಯಾಂಗ ಗೊತ್ತಾತು?"

"ಗೊತ್ತಿಲ್ರಿ ಸರ್ರ. ಪ್ರತಿ ವರ್ಷಾನೂ ಕಟ್ಟಿಸಿಕೊಂಡ ಬರತೇನ್ರಿ."

ಅವನು ಅದನ್ನು ದೂರಿನಂತೆ ಹೇಳಲಿಲ್ಲ, ಮಳೆಯ ಸುದ್ದಿಯಂತೆ ಹೇಳಿದ. ನಾನು ಅವನ ಜೊತೆಗೇ ಅಂಗಳಕ್ಕೆ ಬಂದೆ. ಮಕ್ಕಳ ಸಾಲಿಗೆ ಮುಂದೆ ಅವನನ್ನೇ ನಿಲ್ಲಿಸಿದೆವು. ಅವನ ಹೆಜ್ಜೆಗೆ ಎಲ್ಲರೂ ನಡೆದೆವು, ಯಾರೂ ಹಿಂದೆ ಉಳಿಯಲಿಲ್ಲ.

ಸೊಗಲದಲ್ಲಿ ನೀರು ಬೀಳುವ ಸಪ್ಪಳ ಕೇಳುವಷ್ಟು ದೂರದಲ್ಲಿ, ಎಲ್ಲರಿಂದ ತುಸು ಆಚೆ, ಈರಪ್ಪ ಒಂದು ಕಲ್ಲಿನ ಮೇಲೆ ಬುತ್ತಿ ಬಿಚ್ಚಿದ. ನಾನು ಹಾಯ್ದು ಹೋಗುತ್ತಿದ್ದೆ. ಕರೆಯಬೇಕಲ್ಲ ಎಂದು ಕರೆದ.

"ಬರ್ರಿ ಸರ್ರ, ಊಟ ಮಾಡೂನು."

ನಾನು ಕುಳಿತೆ. ಅವನ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಅದು ನಿಧಾನವಾಗಿ ಮುಂದೆ ಬಂದು, ನನ್ನ ಅಂಗೈ ಮೇಲೆ ಒಂದು ರೊಟ್ಟಿ ಇಟ್ಟಿತು, ಅದರ ಮೇಲೆ ಗುರೆಳ್ಳು ಚಟ್ನಿ. ಖಾರ ಸ್ವಲ್ಪ ಮುಂದಾಗಿತ್ತು, ರುಚಿಯಾಗಿತ್ತು. ಅದು ಮುಗಿಯುತ್ತಿದ್ದಂತೆ ಅವನು ಇನ್ನೊಂದನ್ನು ಎತ್ತಿ ಹಿಡಿದು, ನನ್ನ ಬೆರಳುಗಳನ್ನೇ ನೋಡುತ್ತ, "ಮತ್ತೊಂದು ಹಾಕಲೇನ್ರಿ?" ಎಂದ.

"ಹಾಕ್ರಿ," ಎಂದೆ.